ಟೆಸ್ಟ್ ಪಂದ್ಯಕ್ಕೆ ದೀಪ ಹಾಕಬೇಕಾ? ಯಾವ ಊರು, ಯಾವ ತಿಂಗಳು ಅಂತ ಮೊದಲು ಹೇಳಿ

ಪ್ರಶ್ನೆ: ಸರ್, ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲರ್. ಬೆಳಿಗ್ಗೆ ಗೂಡಿನ ಮಾರ್ಕೆಟ್, ಆಮೇಲೆ ಸಂಜೆವರೆಗೆ ಯೂನಿಟ್‌ನಲ್ಲೇ ಇರುತ್ತೇನೆ. ಟೆಸ್ಟ್ ಕ್ರಿಕೆಟ್ ಅಂದರೆ ಪ್ರಾಣ. ಆದರೆ ಕೈಕಾಲು ತೊಳೆದು ಟಿವಿ ಮುಂದೆ ಕೂರುವ ಹೊತ್ತಿಗೆ ಆ ದಿನದ ಆಟ ಮುಗಿದಿರುತ್ತದೆ. ಐಪಿಎಲ್ ರಾತ್ರಿ ಆಡಿಸುತ್ತಾರೆ, ಒನ್‌ಡೇನೂ ರಾತ್ರಿ ಆಡಿಸುತ್ತಾರೆ. ಟೆಸ್ಟ್ ಪಂದ್ಯಗಳನ್ನೆಲ್ಲ ಹೊನಲು ಬೆಳಕಿನಲ್ಲೇ ಆಡಿಸಿದರೆ ಏನು ಗಂಟು ಹೋಗುತ್ತದೆ? ರಾತ್ರಿ ಟೆಸ್ಟ್ ಎರಡೇ ದಿನಕ್ಕೆ ಮುಗಿದುಹೋಗುತ್ತೆ, ಅಡಿಲೇಡ್‌ನಲ್ಲಿ ನಾವು 36ಕ್ಕೆ ಆಲೌಟ್ ಆಗಿದ್ದು ಮರೆತುಬಿಟ್ಟೆಯಾ ಅಂತ ಗೆಳೆಯರು ರೇಗಿಸುತ್ತಾರೆ. ಇನ್ನೊಂದು ವಿಷಯ. ಜನವರಿಯಲ್ಲಿ ನಮ್ಮ ಹುಡುಗರು ಎರಡು ದಿನದ ಲೆದರ್ ಬಾಲ್ ಪಂದ್ಯ ಇಡೋಣ ಅಂತಿದ್ದಾರೆ. ನೈಟ್ ಟೂರ್ನಮೆಂಟ್‌ಗೆ ಹಾಕಿದ ಲೈಟ್‌ಗಳು ಹಾಗೇ ಇವೆ. ನಮ್ಮ ಮಾವನವರ ದ್ರಾಕ್ಷಿ ತೋಟದ ಪಕ್ಕದ ಮೈದಾನ. ಚಳಿಗಾಲ, ಮಳೆ ಭಯವೂ ಇಲ್ಲ. ಇಡಬಹುದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಜನವರಿಯಲ್ಲಿ ಬೇಡ.

ಯಾಕೆ ಅಂತ ನಿಮ್ಮ ಮಾವನವರನ್ನು ಕೇಳಿದರೂ ಸಾಕು. ದ್ರಾಕ್ಷಿ ಬೆಳೆಯುವವರು ಆ ದಿನಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ತೋಟಕ್ಕೆ ಹೋಗಿ ಎಲೆ ಮುಟ್ಟಿ ನೋಡುತ್ತಾರೆ. ಎಲೆ ಎಷ್ಟು ಹೊತ್ತು ಒದ್ದೆಯಾಗಿತ್ತು ಅನ್ನುವುದರ ಮೇಲೆ ಡೌನಿ ಅನ್ನುವ ಬೂಜು ರೋಗದ ಲೆಕ್ಕ ನಿಂತಿದೆ. ಆ ಎಲೆ ಒದ್ದೆ ಮಾಡುವ ಇಬ್ಬನಿಯೇ ನಿಮ್ಮ ಚೆಂಡನ್ನೂ ಒದ್ದೆ ಮಾಡುತ್ತದೆ. ಮಳೆ ಬಂದರೆ ಅಂಪೈರ್ ಎಲ್ಲರನ್ನೂ ಒಳಗೆ ಕಳಿಸುತ್ತಾರೆ. ಇಬ್ಬನಿಗೆ ಹಾಗೆ ಆಟ ನಿಲ್ಲಿಸುವುದಿಲ್ಲ. ಆಟ ನಡೆಯುತ್ತಲೇ ಇರುತ್ತದೆ, ನಡೆಯುತ್ತಲೇ ಕೆಡುತ್ತದೆ.

ಈಗ ದೊಡ್ಡ ಪ್ರಶ್ನೆ. ಎಲ್ಲಾ ಟೆಸ್ಟ್‌ಗಳನ್ನೂ ದೀಪದಡಿ ಆಡಿಸುವುದು ನನಗೆ ಒಪ್ಪಿಗೆ ಇಲ್ಲ. ಆದರೆ ಕೆಲವು ಊರುಗಳಲ್ಲಿ, ಕೆಲವು ತಿಂಗಳಲ್ಲಿ, ಹಗಲು ಆಡಿಸುವುದೇ ದಡ್ಡತನ ಅನ್ನುವಷ್ಟು ಅದು ಚೆನ್ನಾಗಿ ಹೊಂದುತ್ತದೆ. ಬೆಳೆ ಇಡುವಾಗ ನೆಲ ಮತ್ತು ತಿಂಗಳು ನೋಡುತ್ತೀವಲ್ಲ, ಇದಕ್ಕೂ ಹಾಗೇ ನೋಡಬೇಕು. ಒಂದೇ ಆದೇಶ ಹೊರಡಿಸಿ ಪ್ರಪಂಚದ ಮೈದಾನಗಳಿಗೆಲ್ಲ ಹಾಕುವ ವಿಷಯ ಇದಲ್ಲ.

ಅಂದಹಾಗೆ, ನಿಮ್ಮ ಟಿವಿ ಸಮಸ್ಯೆಗೆ ದೀಪವೇ ಬೇಕಿಲ್ಲ. ಭಾರತ ಇಂಗ್ಲೆಂಡ್ ಪ್ರವಾಸ ಮಾಡಿದಾಗ ಟೆಸ್ಟ್ ಶುರುವಾಗುವುದು ನಮ್ಮ ಮಧ್ಯಾಹ್ನ 3.30ಕ್ಕೆ, ಮುಗಿಯುವುದು ರಾತ್ರಿ 11ರ ಹತ್ತಿರ. ಅವರಿಗದು ಹಗಲು, ನಿಮಗದು ಹೊನಲು ಬೆಳಕು. ಅಡಿಲೇಡ್‌ನ ಹಗಲು-ರಾತ್ರಿ ಟೆಸ್ಟ್ ನಮಗೆ ಶುರುವಾಗುವುದು ಬೆಳಿಗ್ಗೆ 9.30ಕ್ಕೆ. ಅವರು ದೀಪ ಹಾಕಿದರೂ ನಿಮಗೆ ಅದು ಯೂನಿಟ್‌ನ ಸಮಯವೇ!

ಇತಿಹಾಸ ಬೇಗ ಹೇಳಿ ಮುಗಿಸುತ್ತೇನೆ. ದೀಪದಡಿ ದೀರ್ಘ ಪಂದ್ಯ ಅನ್ನುವುದು ನಿನ್ನೆ ಮೊನ್ನೆಯ ಯೋಚನೆಯಲ್ಲ. ನಮ್ಮಲ್ಲೇ 1997ರ ಏಪ್ರಿಲ್‌ನಲ್ಲಿ ಗ್ವಾಲಿಯರ್‌ನಲ್ಲಿ ಮುಂಬೈ ಮತ್ತು ದೆಹಲಿ ನಡುವಿನ ರಣಜಿ ಫೈನಲ್ ಹೊನಲು ಬೆಳಕಿನಲ್ಲಿ, ಬಿಳಿ ಚೆಂಡಿನಲ್ಲಿ ನಡೆದಿತ್ತು. ಮುಂಬೈ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕಪ್ ಎತ್ತಿತು. ಪ್ರಯೋಗ ಅಲ್ಲಿಗೇ ನಿಂತಿತು. ನಮ್ಮ ರಾಹುಲ್ ದ್ರಾವಿಡ್ 2011ರಲ್ಲಿ ಅಬುಧಾಬಿಯಲ್ಲಿ ಇಂಗ್ಲೆಂಡ್‌ನ ಎಂಸಿಸಿ ಕ್ಲಬ್ ಪರ ಗುಲಾಬಿ ಚೆಂಡಿನಲ್ಲಿ ಆಡಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದ ಬ್ರಾಡ್ಮನ್ ಉಪನ್ಯಾಸದಲ್ಲಿ ಹಗಲು-ರಾತ್ರಿ ಟೆಸ್ಟ್ ಪ್ರಯತ್ನಿಸಿ ನೋಡಬೇಕು ಅಂತ ಹೇಳಿದರು. ಮೊದಲ ಪಂದ್ಯ ಆಗಲು ಇನ್ನೂ ನಾಲ್ಕು ವರ್ಷ ಬೇಕಾಯಿತು. 2015ರ ನವೆಂಬರ್ 27ರಂದು ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಆಡಿದವು. ಮೂರೇ ದಿನಕ್ಕೆ ಮುಗಿಯಿತು, ಆಸ್ಟ್ರೇಲಿಯಾ 3 ವಿಕೆಟ್‌ಗಳಿಂದ ಗೆದ್ದಿತು. ಆ ಮೂರು ದಿನದಲ್ಲಿ ಬಂದ ಜನ 1,23,736. ಭಾರತ 2018ರಲ್ಲಿ ಅಡಿಲೇಡ್‌ನಲ್ಲಿ ರಾತ್ರಿ ಆಡುವುದಿಲ್ಲ ಅಂದಿತು. ಮರುವರ್ಷ ಸೌರವ್ ಗಂಗೂಲಿ ಬಿಸಿಸಿಐ ಅಧ್ಯಕ್ಷರಾದ ಮೇಲೆ ಈಡನ್ ಗಾರ್ಡನ್ಸ್‌ನಲ್ಲಿ ಆಡೇ ಬಿಟ್ಟಿತು.

ಇನ್ನು ನಿಜವಾದ ವಿಷಯಕ್ಕೆ ಬರೋಣ. ಚೆಂಡು.

ಕೆಂಪು ಚೆಂಡನ್ನೇ ರಾತ್ರಿ ಯಾಕೆ ಬಳಸಬಾರದು? ದೀಪದ ಕೆಳಗೆ ಕೆಂಪು ಕಂದಾಗಿ ಕಾಣುತ್ತದೆ. ಪಿಚ್ಚೂ ಕಂದು. ಚೆಂಡು ನೆಲದಿಂದ ಎದ್ದು ಬರುವಾಗ ಅರೆಕ್ಷಣ ಕಳೆದುಹೋಗುತ್ತದೆ. ಗಂಟೆಗೆ 140 ಕಿ.ಮೀ. ವೇಗದ ಚೆಂಡಿಗೆ ಆ ಅರೆಕ್ಷಣ ಅಂದರೆ ಹಲ್ಲು ಹೋದ ಹಾಗೆ. ಬಿಳಿ ಚೆಂಡು ಬಳಸೋಣ ಅಂದರೆ ಎಲ್ಲರ ಬಟ್ಟೆಯೂ ಬಿಳಿ, ಸೈಟ್‌ಸ್ಕ್ರೀನೂ ಬಿಳಿ. ಅವನ್ನೆಲ್ಲ ಬದಲಾಯಿಸಬಹುದು ಅಂತಲೇ ಇಟ್ಟುಕೊಳ್ಳಿ, ಟೆಸ್ಟ್‌ನಲ್ಲಿ ಮುಂದಿನ ಹೊಸ ಚೆಂಡು ಸಿಗುವವರೆಗಿನ 80 ಓವರ್ ಬಿಳಿ ಚೆಂಡು ಬಾಳುವುದಿಲ್ಲ. ಒನ್‌ಡೇಯಲ್ಲೇ ಅದು ಮಾಸುತ್ತದೆ ಅಂತ 2011ರಿಂದ ಎರಡು ತುದಿಗೆ ಎರಡು ಹೊಸ ಚೆಂಡು ಕೊಡಲು ಶುರು ಮಾಡಿದರು. ಹಾಗಾಗಿ ಉಳಿದದ್ದು ಗುಲಾಬಿ.

ಆದರೆ ಗುಲಾಬಿ ಚೆಂಡು ಅಂದರೆ ಬಣ್ಣ ಬೇರೆ ಇರುವ ಕೆಂಪು ಚೆಂಡಲ್ಲ. ಕೆಂಪು ಚೆಂಡಿನ ಚರ್ಮಕ್ಕೆ ಬಣ್ಣ ಇಳಿದಿರುತ್ತದೆ, ಸೊಂಟಕ್ಕೆ ಉಜ್ಜಿದಷ್ಟೂ ಹೊಳಪು ಬರುತ್ತದೆ. ಗುಲಾಬಿಯಲ್ಲಿ ಬಣ್ಣ ಮೇಲೆ ಕೂತಿರುತ್ತದೆ. ಅದು ಎದ್ದು ಹೋಗದ ಹಾಗೆ ಮೇಲೆ ಜಾಸ್ತಿ ಲ್ಯಾಕರ್ ಬಳಿಯುತ್ತಾರೆ. ಮರದ ಬಾಗಿಲಿಗೆ ಪಾಲಿಶ್ ಹೊಡೆದ ಹಾಗೆ. ಆ ಪದರ ಇರುವಷ್ಟು ಹೊತ್ತು ಚೆಂಡು ಜಾರುತ್ತದೆ, ಗಾಳಿಯಲ್ಲಿ ಹೊರಳುತ್ತದೆ. ಪದರ ಹೋದ ಮೇಲೆ ಸಪ್ಪೆ. ಪಿಚ್ ಒರಟಾಗಿದ್ದರೆ ಬಣ್ಣ ಬೇಗ ಕಿತ್ತುಹೋಗುತ್ತದೆ ಅಂತ ಪಿಚ್ ಸಿದ್ಧ ಮಾಡುವ ಕ್ಯುರೇಟರ್‌ಗಳು ಹುಲ್ಲು ಸ್ವಲ್ಪ ಜಾಸ್ತಿ ಬಿಡುತ್ತಾರೆ. ಹುಲ್ಲು ಬಿಟ್ಟರೆ ವೇಗದ ಬೌಲರ್‌ಗೆ ಹಬ್ಬ. ಅಂದರೆ ಚೆಂಡನ್ನು ಕಾಪಾಡಲು ಹೋಗಿ ಪಿಚ್ಚಿನ ಗುಣವನ್ನೇ ಬದಲಾಯಿಸಿದ ಹಾಗಾಯಿತು. ರಾತ್ರಿ ಟೆಸ್ಟ್ ಬಗ್ಗೆ ಎಲ್ಲರೂ ದೀಪದ ಬಗ್ಗೆ ಮಾತಾಡುತ್ತಾರೆ. ನನ್ನ ಪ್ರಕಾರ ಅರ್ಧ ಜಗಳ ಈ ಲ್ಯಾಕರ್‌ನದ್ದು.

ಕೇಳಿದ್ದನ್ನೇ ಹೇಳುವುದು ಬೇಡ ಅಂತ ಎರಡು ವರ್ಷದ ಹಿಂದೆ ಎರಡು ಗುಲಾಬಿ ಚೆಂಡು ತರಿಸಿದೆ. ಚಿಕ್ಕಬಳ್ಳಾಪುರದ ಪಕ್ಕದಲ್ಲಿ ನಾವು ಪ್ರಾಕ್ಟೀಸ್ ಮಾಡುವ ನೆಟ್‌ನಲ್ಲಿ ಸಿಮೆಂಟ್ ಮೇಲೆ ಮ್ಯಾಟ್ ಹಾಸಿದೆ, ಎರಡು ಕಂಬಕ್ಕೆ ಎಲ್‌ಇಡಿ ಲೈಟ್ ಇದೆ. ಮಾರ್ಚ್ ತಿಂಗಳು. ಹದಿನಾರರ ಎಡಗೈ ಹುಡುಗನೊಬ್ಬನಿಗೆ ಸಂಜೆ 5.30ಕ್ಕೆ ಪ್ಯಾಡ್ ಕಟ್ಟಿಸಿದೆ. 6 ಗಂಟೆವರೆಗೆ ಮಜವಾಗಿ ಆಡಿದ. ಚೆಂಡು ಅವನಿಗೆ ಕೆಂಪಿಗಿಂತ ಚೆನ್ನಾಗಿ ಕಾಣುತ್ತಿತ್ತು. 6.30 ದಾಟುತ್ತಿದ್ದಂತೆ ಬ್ಯಾಟು ತಡವಾಗಿ ಬರಲು ಶುರುವಾಯಿತು. ಎರಡು ಸಲ ಗ್ಲೌಸ್‌ಗೆ ಬಡಿಯಿತು. ಒಂದು ಎಸೆತವನ್ನು ಬಿಟ್ಟ, ಅದು ನೇರ ಸ್ಟಂಪ್‌ಗೆ ಹೋಯಿತು. ಏನಪ್ಪ, ಕಾಣ್ತಾ ಇಲ್ವಾ ಅಂದೆ. ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬರೋದು ಕಾಣುತ್ತೆ ಸರ್. ಹೊಲಿಗೆ ಕಾಣ್ತಿಲ್ಲ."

ಅಷ್ಟೇ ನೋಡಿ. ಒಳ್ಳೆ ಬ್ಯಾಟ್ಸ್‌ಮನ್ ಚೆಂಡನ್ನಷ್ಟೇ ನೋಡುವುದಿಲ್ಲ, ಹೊಲಿಗೆ ಯಾವ ಕಡೆ ವಾಲಿದೆ ಅಂತ ನೋಡುತ್ತಾನೆ. ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಅನ್ನುವುದು ಅದರಲ್ಲಿ ಬರೆದಿರುತ್ತದೆ. 2015ರ ಅಡಿಲೇಡ್ ಚೆಂಡಿಗೆ ಹಸಿರು ಹೊಲಿಗೆ ಇತ್ತು. ಕಾಣುವುದಿಲ್ಲ ಅಂತ ಆಟಗಾರರು ಗೊಣಗಿದ ಮೇಲೆ ಕಪ್ಪು ಮಾಡಿದರು. ಬಣ್ಣಗುರುಡು ಇರುವವರ ಕಷ್ಟವಂತೂ ಬೇರೆಯೇ. ಆಸ್ಟ್ರೇಲಿಯಾದ ಮ್ಯಾಥ್ಯೂ ವೇಡ್ ಅದನ್ನು ಬಾಯಿಬಿಟ್ಟೇ ಹೇಳಿಕೊಂಡಿದ್ದರು.

ಆ ಹುಡುಗನಿಗೆ 7 ಗಂಟೆ ಮೇಲೆ ಮತ್ತೆ ಆಡಿಸಿದೆ. ಪೂರ್ತಿ ಕತ್ತಲು, ಪೂರ್ತಿ ದೀಪ. ಬ್ಯಾಟು ಮತ್ತೆ ಸರಿಯಾದ ಹೊತ್ತಿಗೆ ಬಂತು. ಕಷ್ಟ ಕೊಟ್ಟಿದ್ದು ರಾತ್ರಿಯಲ್ಲ, ನಡುವಿನ ಆ ಅರ್ಧ ಗಂಟೆ.

ಅದಕ್ಕೆ ಕಾರಣ ಕಣ್ಣಿನೊಳಗೇ ಇದೆ. ಮನೆಯಲ್ಲಿ ಕೆಂಪು ದಾಸವಾಳದ ಗಿಡ ಇದ್ದರೆ ಒಂದು ಮುಸ್ಸಂಜೆ ಅದರ ಮುಂದೆ ಸುಮ್ನೆ ನಿಂತುಕೊಳ್ಳಿ. ಎಲೆ ಇನ್ನೂ ಹಸಿರಾಗಿ ಕಾಣುತ್ತಿರುತ್ತದೆ, ಹೂವು ಆಗಲೇ ಕಪ್ಪಾಗಿರುತ್ತದೆ. ಬೆಳಕು ಕಡಿಮೆಯಾದಾಗ ಕಣ್ಣು ಬೇರೆ ಬಗೆಯ ಕೋಶಗಳಿಗೆ ಕೆಲಸ ಹಂಚುತ್ತದೆ. ಆ ಕೋಶಗಳಿಗೆ ಕೆಂಪು ಹೆಚ್ಚು ತಿಳಿಯುವುದಿಲ್ಲ. ಇದನ್ನು ಸುಮಾರು 200 ವರ್ಷದ ಹಿಂದೆ ಪುರ್ಕಿಂಜೆ ಅನ್ನುವ ಜೆಕ್ ವಿಜ್ಞಾನಿ ಗುರುತಿಸಿದರು, ಅದೂ ಹೂವು ನೋಡುತ್ತಲೇ. ಮುಸ್ಸಂಜೆಯಲ್ಲಿ ಆಕಾಶ ಇನ್ನೂ ಬೆಳ್ಳಗಿರುತ್ತದೆ, ದೀಪವೂ ಉರಿಯುತ್ತಿರುತ್ತದೆ, ಎರಡೂ ಸೇರಿ ನೆರಳೇ ಇಲ್ಲದ ಒಂದು ಮಬ್ಬು. ಅದರಲ್ಲಿ ಗುಲಾಬಿ ಚೆಂಡು ಎಷ್ಟು ದೂರದಲ್ಲಿದೆ ಅಂತ ಅಂದಾಜು ಮಾಡುವುದು ಕಷ್ಟ. ಫೀಲ್ಡರ್‌ಗೂ ಅಷ್ಟೇ. ನಾನು ಲೀಗ್ ಆಡುತ್ತಿದ್ದ ಕಾಲದಲ್ಲಿ ಇನ್ನೆರಡು ಓವರ್ ಮುಗಿಸಿಬಿಡೋಣ ಅಂತ ಮಬ್ಬಿನಲ್ಲೇ ಆಡಿಸಿದರು. ಕೆಂಪು ಚೆಂಡು ಪಾಯಿಂಟ್‌ನಲ್ಲಿ ನಿಂತಿದ್ದ ನನ್ನ ಕೆನ್ನೆಮೂಳೆಗೆ ಬಂದು ಕೂತಿತು. ಕೈ ಎತ್ತಿದ್ದು ಚೆಂಡು ಬಡಿದ ಮೇಲೆ!

ಇದರಲ್ಲಿ ನಮಗೊಂದು ಅನುಕೂಲ ಇದೆ. ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ಕಡೆ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಮುಳುಗಿದ 20-25 ನಿಮಿಷಕ್ಕೆ ಕತ್ತಲಾಗಿಬಿಡುತ್ತದೆ. ದಕ್ಷಿಣಕ್ಕೆ ದೂರ ಇರುವ ಅಡಿಲೇಡ್‌ನಲ್ಲಿ ಬೇಸಿಗೆಯ ಸೂರ್ಯ ಓರೆಯಾಗಿ ಜಾರುತ್ತಾನೆ, ಮುಳುಗುವಾಗಲೇ ಅಲ್ಲಿ ರಾತ್ರಿ 8 ದಾಟಿರುತ್ತದೆ, ಮಬ್ಬೂ ಜಾಸ್ತಿ ಹೊತ್ತು. ಹಾಗಿದ್ದರೆ 40 ನಿಮಿಷದ ಊಟದ ವಿರಾಮವನ್ನು ಸರಿಯಾಗಿ ಆ ಮಬ್ಬಿನ ಮೇಲೆ ಕೂರಿಸಿದರೆ ಆಯಿತಲ್ಲ? ಕೋಲ್ಕತ್ತದಲ್ಲಿ ಆಟದ ಸಮಯ ಹೀಗಿತ್ತು: ಮಧ್ಯಾಹ್ನ 1ರಿಂದ 3, 3.40ರಿಂದ 5.40, 6ರಿಂದ 8. ನವೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ 5 ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಅಂದರೆ ಇಡೀ ಮಬ್ಬು ಎರಡನೇ ಅವಧಿಯ ಮಧ್ಯದಲ್ಲೇ ಬಿತ್ತು. ಊಟದ ಹೊತ್ತನ್ನು ಪಂಚಾಂಗ ನೋಡಿ ಇಡಿ ಅಂತ ನಾನು ಎಲ್ಲಿ ಹೋದರೂ ಹೇಳುತ್ತಿರುತ್ತೇನೆ. ಟಿವಿಯವರಿಗೆ ಒಪ್ಪಿಗೆಯಾಗುವುದಿಲ್ಲವೇನೋ. ನನ್ನ ಹಟ ನನಗೆ.

ಮುಸ್ಸಂಜೆಯನ್ನು ಆಯುಧ ಮಾಡಿಕೊಂಡ ಕ್ಯಾಪ್ಟನ್‌ಗಳೂ ಇದ್ದಾರೆ. 2016ರಲ್ಲಿ ಅಡಿಲೇಡ್‌ನಲ್ಲೇ ದಕ್ಷಿಣ ಆಫ್ರಿಕಾದ ಡು ಪ್ಲೆಸಿ 118 ಹೊಡೆದು ಇನ್ನೂ ಆಡುತ್ತಿದ್ದರು. ತಂಡ 259ಕ್ಕೆ 9. ಮೊದಲ ದಿನವೇ ಇನಿಂಗ್ಸ್ ಇಷ್ಟು ಸಾಕು ಅಂತ ಡಿಕ್ಲೇರ್ ಮಾಡಿಬಿಟ್ಟರು! ಫೀಲ್ಡಿಂಗ್ ಬಿಟ್ಟು ಹೊರಗಿದ್ದ ಆಸ್ಟ್ರೇಲಿಯಾದ ಓಪನರ್ ವಾರ್ನರ್ ನಿಯಮದ ಪ್ರಕಾರ ಓಪನ್ ಮಾಡುವಂತಿರಲಿಲ್ಲ. ರಾತ್ರಿ, ಹೊಸ ಗುಲಾಬಿ ಚೆಂಡು, ಎದುರಿಗೆ ವಾರ್ನರ್ ಇಲ್ಲ. ಲೆಕ್ಕ ಅಂದರೆ ಇದು. ಆದರೆ ವಾರ್ನರ್ ಜಾಗದಲ್ಲಿ ಬಂದ ಉಸ್ಮಾನ್ ಖವಾಜಾ ಆ ರಾತ್ರಿ ದಾಟಿದರು, ಮರುದಿನ ಆಡಿದರು, 145 ಹೊಡೆದರು. ಈ ಕಥೆ ನನಗೆ ಇಷ್ಟ. ಹಗಲಿನ ಟೆಸ್ಟ್‌ನಲ್ಲಿ ಇಂಥ ಡಿಕ್ಲರೇಶನ್ ಅಪರೂಪ. ಹೊತ್ತು ನೋಡಿ ಆಡುವ ಹೊಸ ಜಾಣತನ ಆಟಕ್ಕೆ ಸೇರಿಕೊಂಡಿತು.

ಈಗ ನಿಮ್ಮ ಗೆಳೆಯರ 36ರ ವಿಷಯ. 2020ರ ಡಿಸೆಂಬರ್, ಅಡಿಲೇಡ್. ಆಸ್ಟ್ರೇಲಿಯಾದ ಹೇಜಲ್‌ವುಡ್ 8 ರನ್ ಕೊಟ್ಟು 5 ವಿಕೆಟ್, ಕಮಿನ್ಸ್ 21ಕ್ಕೆ 4. ಶಮಿಗೆ ಕೈಗೆ ಪೆಟ್ಟು ಬಿದ್ದು 36ಕ್ಕೆ 9ರಲ್ಲಿ ಮುಗಿಯಿತು. ಎಲ್ಲಾ ಸರಿ. ಆದರೆ ಅದು ನಡೆದಿದ್ದು ಮೂರನೇ ದಿನದ ಮೊದಲ ಅವಧಿಯಲ್ಲಿ, ಒಳ್ಳೇ ಮಧ್ಯಾಹ್ನದ ಬಿಸಿಲಲ್ಲಿ! 2018ರಲ್ಲಿ ಆಕ್ಲೆಂಡ್‌ನಲ್ಲಿ ನ್ಯೂಜಿಲೆಂಡ್‌ನ ಬೋಲ್ಟ್ 6 ವಿಕೆಟ್ ತೆಗೆದು ಇಂಗ್ಲೆಂಡನ್ನು 58ಕ್ಕೆ ಕೆಡವಿದ್ದೂ ಮೊದಲ ದಿನ ಮಧ್ಯಾಹ್ನವೇ. ದೀಪಕ್ಕೆ ಅದರಲ್ಲಿ ಪಾಲಿಲ್ಲ. ಗುಲಾಬಿ ಚೆಂಡು, ಪಿಚ್ಚಿನ ಹುಲ್ಲು, ಒಳ್ಳೆ ಬೌಲಿಂಗ್, ಇವೇ ಕಾರಣ. 2025ರಲ್ಲಿ ಕಿಂಗ್‌ಸ್ಟನ್‌ನಲ್ಲಿ ವೆಸ್ಟ್ ಇಂಡೀಸ್ 14.3 ಓವರ್‌ಗಳಲ್ಲಿ 27ಕ್ಕೆ ಆಲೌಟ್ ಆದಾಗಲೂ ಆಸ್ಟ್ರೇಲಿಯಾದ ಸ್ಟಾರ್ಕ್ 9 ರನ್‌ಗೆ 6 ತೆಗೆದರು. ಸ್ಟಾರ್ಕ್ ಕೈಗೆ ಗುಲಾಬಿ ಚೆಂಡು ಸಿಕ್ಕರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆಯೇ ಪುರಾಣ ಬರೆಯಬೇಕು.

ಎರಡೇ ದಿನಕ್ಕೆ ಮುಗಿದ ಅಹಮದಾಬಾದ್ ಪಂದ್ಯವೂ ಹಾಗೇ. 2021ರ ಫೆಬ್ರುವರಿ, ಇಂಗ್ಲೆಂಡ್ 112 ಮತ್ತು 81, ಭಾರತ 145. ಒಟ್ಟು 842 ಎಸೆತಕ್ಕೆ ಕಥೆ ಮುಗಿಯಿತು. ಬಿದ್ದ 30 ವಿಕೆಟ್‌ಗಳಲ್ಲಿ 28 ಸ್ಪಿನ್ನರ್‌ಗಳ ಪಾಲು. ಅಕ್ಷರ್ ಪಟೇಲ್ ಒಬ್ಬರೇ 11. ಹೊನಲು ಬೆಳಕು ಅಂದರೆ ಸ್ವಿಂಗ್ ಅಂತ ಎಲ್ಲರೂ ಕಾದು ಕೂತಿದ್ದರು, ತಿರುಗದೆ ನೇರ ಬಂದ ಚೆಂಡಿಗೆ ಜನ ಔಟಾದರು. ಮತ್ತೆ ಅದೇ ಲ್ಯಾಕರ್. ಪಿಚ್ ಮೇಲೆ ಒಂದು ಎಸೆತ ತಿರುಗುತ್ತದೆ, ಇನ್ನೊಂದು ಹೊಳಪಿನ ಮೇಲೆ ಬಿದ್ದು ಸರ್ರನೆ ಜಾರುತ್ತದೆ. ಅತ್ತ 2024ರ ಜನವರಿಯಲ್ಲಿ ಕೇಪ್‌ಟೌನ್‌ನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಪಂದ್ಯ 642 ಎಸೆತಕ್ಕೆ ಮುಗಿಯಿತು. ಕೆಂಪು ಚೆಂಡು, ಹಗಲು. ಅದಕ್ಕೇನಂತೀರಿ ಅಂತ ಗೆಳೆಯರನ್ನು ಕೇಳಿ. ಇನ್ನೊಂದನ್ನೂ ಕೇಳಿ. 2016ರಲ್ಲಿ ದುಬೈನಲ್ಲಿ ಪಾಕಿಸ್ತಾನದ ಅಜರ್ ಅಲಿ ಇದೇ ಗುಲಾಬಿ ಚೆಂಡಿಗೆ ಔಟಾಗದೆ 302 ಹೊಡೆದರು. ಹುಲ್ಲಿಲ್ಲದ ಸಪ್ಪೆ ಪಿಚ್. ನೆಲ ಬದಲಾದರೆ ಆಟವೇ ಬದಲು.

ಹಾಗಂತ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಗಂಡಸರ ಹಗಲು-ರಾತ್ರಿ ಟೆಸ್ಟ್‌ಗಳು 20ಕ್ಕೂ ಹೆಚ್ಚು ಆಗಿವೆ. ಒಂದೂ ಡ್ರಾ ಆಗಿಲ್ಲ. ಡ್ರಾ ಬೇಡ ಅನ್ನುವವರಿಗೆ ಖುಷಿ. ನನಗೆ ಸ್ವಲ್ಪ ಕಸಿವಿಸಿ. ಐದನೇ ದಿನ ಸಂಜೆವರೆಗೆ ಬಾಲ ಕಚ್ಚಿಕೊಂಡು ನಿಂತು ಉಳಿಸಿಕೊಂಡ ಟೆಸ್ಟ್‌ಗೂ ಒಂದು ರುಚಿ ಇರುತ್ತದೆ. ಹೆಂಗಸರ ಪಂದ್ಯಗಳಲ್ಲಿ ಆ ರುಚಿ ಸಿಕ್ಕಿದೆ. 2017ರಲ್ಲಿ ನಾರ್ತ್ ಸಿಡ್ನಿಯಲ್ಲಿ ಆಸ್ಟ್ರೇಲಿಯಾದ ಎಲಿಸ್ ಪೆರಿ ಇಂಗ್ಲೆಂಡ್ ಎದುರು ಔಟಾಗದೆ 213 ಹೊಡೆದ ಆಶಸ್ ಟೆಸ್ಟ್ ಡ್ರಾ. 2021ರಲ್ಲಿ ಆಸ್ಟ್ರೇಲಿಯಾದ ಕ್ಯಾರಾರಾದಲ್ಲಿ ಸ್ಮೃತಿ ಮಂದಾನ 127 ಹೊಡೆದ ಪಂದ್ಯವೂ ಡ್ರಾ.

ಇಬ್ಬನಿಗೆ ವಾಪಸ್ ಬರುತ್ತೇನೆ. ನಮ್ಮ ಜಿಲ್ಲೆಯವರಿಗೆ ಅದೇ ಮುಖ್ಯ. ಮೋಡವಿಲ್ಲದ ರಾತ್ರಿ ನೆಲ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ. ಹುಲ್ಲು ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಮಳೆಗಾಲ ಮುಗಿದ ಮೇಲೆ ನೆಲದಲ್ಲೂ ತೇವ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ, ಗಾಳಿ ಬೀಸುವುದೂ ಕಡಿಮೆ. ನಂದಿ ಬೆಟ್ಟದ ಕೆಳಗೆ ಮಂಜು ನೋಡಲು ಬೆಂಗಳೂರಿನವರು ಗಾಡಿ ಕಟ್ಟಿಕೊಂಡು ಬರುವುದೂ ಆ ತಿಂಗಳುಗಳಲ್ಲೇ ಜಾಸ್ತಿ. ಅವರಿಗೆ ಚಂದ. ಸ್ಪಿನ್ನರ್‌ಗೆ ಅದು ಸೋಪು ಹಿಡಿದ ಹಾಗೆ. ಬೆರಳು ಹೊಲಿಗೆ ಮೇಲೆ ನಿಲ್ಲುವುದಿಲ್ಲ, ಚೆಂಡು ತಿರುಗುವ ಬದಲು ಫುಲ್‌ಟಾಸ್ ಆಗಿ ಹೋಗುತ್ತದೆ. ನೀರು ಕುಡಿದ ಚರ್ಮ ಊದಿಕೊಂಡು ಮೆತ್ತಗಾಗುತ್ತದೆ, ಹೊಲಿಗೆ ಕೂತುಬಿಡುತ್ತದೆ. ಟಿ20ಯಲ್ಲಿ ಹತ್ತು ಹದಿನೈದು ಓವರ್ ಹೇಗೋ ಟವೆಲ್‌ನಲ್ಲಿ ಒರೆಸಿಕೊಂಡು ದೂಡಬಹುದು. ಟೆಸ್ಟ್‌ನಲ್ಲಿ ಅದೇ ಚೆಂಡು 80 ಓವರ್ ಬರಬೇಕು. ಒಂದು ತಂಡ ಒಣ ಚೆಂಡಿನಲ್ಲಿ ಬೌಲ್ ಮಾಡಿ, ಇನ್ನೊಂದು ತಂಡ ಒದ್ದೆ ಚೆಂಡಿನಲ್ಲಿ ಬೌಲ್ ಮಾಡಿದರೆ ಅದನ್ನು ಸ್ಪರ್ಧೆ ಅನ್ನುವುದು ಹೇಗೆ?

ಮೈದಾನದವರು ಸುಮ್ಮನೆ ಕೂರುವುದಿಲ್ಲ. ಪಂದ್ಯಕ್ಕೆ ಮುಂಚೆಯೇ ಔಟ್‌ಫೀಲ್ಡ್‌ಗೆ ನೀರು ಬಿಡುವುದನ್ನು ನಿಲ್ಲಿಸುತ್ತಾರೆ, ಹುಲ್ಲು ಗಿಡ್ಡ ಮಾಡುತ್ತಾರೆ, ಹನಿ ನಿಲ್ಲದ ಹಾಗೆ ಔಷಧಿ ಸಿಂಪಡಿಸುತ್ತಾರೆ, ವಿರಾಮದಲ್ಲಿ ಇಬ್ಬರು ಎರಡು ತುದಿ ಹಿಡಿದು ಉದ್ದನೆ ಹಗ್ಗ ಎಳೆಯುತ್ತಾರೆ. ಕೋಲ್ಕತ್ತದಲ್ಲಿ ಆಟವನ್ನು 1 ಗಂಟೆಗೇ ಶುರು ಮಾಡಿ 8ಕ್ಕೆ ಮುಗಿಸಿದ್ದೂ ಇಬ್ಬನಿ ಬೀಳುವ ಮುಂಚೆ ಮುಗಿಸೋಣ ಅಂತಲೇ. ಆದರೆ 1ರಿಂದ 8 ಅಂದರೆ ಕೆಲಸ ಮುಗಿಸಿ ಬರುವ ನಿಮ್ಮಂಥವರಿಗೆ ಸಿಗುವುದು ಒಂದೇ ಅವಧಿ. ಜನಕ್ಕೆ ಅಂತ ಶುರುವಾದದ್ದು ಇಬ್ಬನಿಗೆ ಹೆದರಿ ಅರ್ಧ ಹಗಲಿಗೇ ವಾಪಸ್ ಹೋಯಿತು.

ಇಂಗ್ಲೆಂಡ್‌ನ ಕಥೆ ಇನ್ನೊಂದು ತರಹ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ 8ರವರೆಗೂ ಬೆಳಕು. ದೀಪ ಹಾಕಿದರೂ ಆಕಾಶವೇ ಬೆಳಗುತ್ತಿರುತ್ತದೆ, ಆಮೇಲೆ ನೋಡುವವರಿಗೆ ಚಳಿ. 2017ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಒಂದು ಆಡಿದರು. ಇಂಗ್ಲೆಂಡ್‌ನ ಕುಕ್ 243 ಹೊಡೆದರು, ಮೂರನೇ ದಿನ ಒಂದೇ ದಿನದಲ್ಲಿ ವೆಸ್ಟ್ ಇಂಡೀಸ್‌ನ 19 ವಿಕೆಟ್ ಬಿದ್ದವು, ಮುಗಿಯಿತು. ಹಗಲಲ್ಲೇ ಸ್ಟ್ಯಾಂಡ್ ತುಂಬುವ ದೇಶಕ್ಕೆ ಈ ಗೊಡವೆ ಬೇಕಿಲ್ಲ. ಅಡಿಲೇಡ್‌ಗೆ ಬೇಕು. ಒಣ ಹವೆ, ಬೆಚ್ಚಗಿನ ಸಂಜೆ, ಕಚೇರಿಯಿಂದ ನಡೆದು ಬರುವಷ್ಟು ಹತ್ತಿರದ ಮೈದಾನ.

ನಮ್ಮ ಕಡೆ ಎಲ್ಲಿ ಹೊಂದುತ್ತದೆ ಅಂದರೆ, ಬೆಂಗಳೂರು, ಮಾರ್ಚ್. 2022ರ ಮಾರ್ಚ್ 12ರಂದು ಚಿನ್ನಸ್ವಾಮಿಯಲ್ಲಿ ಶ್ರೀಲಂಕಾ ಎದುರು ಶುರುವಾದ ಟೆಸ್ಟ್‌ಗೆ ಆರು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಮೊದಲ ದಿನವೇ 16 ವಿಕೆಟ್ ಬಿತ್ತು. ಚೆಂಡು ಮಧ್ಯಾಹ್ನದಿಂದಲೇ ಬುಗುರಿ ಹಾಗೆ ತಿರುಗುತ್ತಿತ್ತು. ಅದರಲ್ಲೇ ಶ್ರೇಯಸ್ ಅಯ್ಯರ್ 92 ಹೊಡೆದರು. ಆ ದಿನ ನೋಡಿದ ಅತ್ಯುತ್ತಮ ಬ್ಯಾಟಿಂಗ್ ಅದು. ಪಂದ್ಯದಲ್ಲಿ ಆಮೇಲೆ ಪಂತ್ 28 ಎಸೆತಕ್ಕೆ 50 ಮಾಡಿ ಭಾರತೀಯರಲ್ಲಿ ಅತಿ ವೇಗದ ಅರ್ಧಶತಕ ಅನ್ನಿಸಿಕೊಂಡಿದ್ದ ಕಪಿಲ್ ದೇವ್ ಅವರ 1982ರ ದಾಖಲೆ ಮುರಿದರು, ಬುಮ್ರಾ 24ಕ್ಕೆ 5 ತೆಗೆದರು, ಕೊನೆಯಲ್ಲಿ ಕರುಣಾರತ್ನೆ ಒಬ್ಬರೇ ನಿಂತು 107 ಹೊಡೆದರು. ಭಾರತ 238 ರನ್‌ಗಳಿಂದ ಮೂರೇ ದಿನಕ್ಕೆ ಗೆದ್ದಿತು. ನಾನು ಗಮನಿಸಿದ್ದು ಬೇರೆ. ಹಗಲಿನ ಟೆಸ್ಟ್‌ನಲ್ಲಿ ಮಧ್ಯಾಹ್ನ ಸ್ಟ್ಯಾಂಡ್‌ನಲ್ಲಿ ಜನ ತಲೆ ಮೇಲೆ ಪೇಪರ್ ಹಿಡಿದು ಕೂರುತ್ತಾರೆ. ಅವತ್ತು ಹೊತ್ತು ಇಳಿದಂತೆ ಜನ ಮನೆಗೆ ಹೋಗುವ ಬದಲು ಒಳಗೆ ಬರುತ್ತಿದ್ದರು. ಟೆಸ್ಟ್‌ಗೆ ಹಾಗೆ ಸಂಜೆ ಸಾಲು ನಿಂತದ್ದು ನಾನು ಅದೇ ಮೊದಲು ನೋಡಿದ್ದು. ಆಟ ಮುಗಿದ ಮೇಲೆ ಆರು ಹುಡುಗರನ್ನು ಬಸ್ ಹತ್ತಿಸಿ ಊರು ಸೇರುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಒಬ್ಬನ ತಾಯಿ ಬೈದರು. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಜನ ಬರುತ್ತಾರೆ ಅನ್ನುವುದು ನಿಜ. ಆದರೆ ಮೂರನೇ ದಿನಕ್ಕೆ ಮುಗಿದರೆ ನಾಲ್ಕು ಮತ್ತು ಐದನೇ ದಿನದ ಟಿಕೆಟ್, ಜಾಹೀರಾತು ಎರಡೂ ಹೋಯಿತು. ಬೇಗ ಮುಗಿಯುವುದನ್ನೇ ಕಾರಣ ಕೊಟ್ಟು 2023ರ ಕೊನೆಯಲ್ಲಿ ಬಿಸಿಸಿಐ ಕಾರ್ಯದರ್ಶಿಯಾಗಿದ್ದ ಜಯ್ ಶಾ ಇದನ್ನು ನಿಧಾನಕ್ಕೆ ಮಾಡೋಣ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ನನಗನ್ನಿಸುವುದು, ವರ್ಷಕ್ಕೊಂದು ಸಾಕು. ಅದಕ್ಕೂ ಮುಂಚೆ ರಣಜಿಯಲ್ಲಿ ಹುಡುಗರಿಗೆ ಆ ಚೆಂಡು ಅಭ್ಯಾಸವಾಗಬೇಕು. 2016ರಲ್ಲಿ ದುಲೀಪ್ ಟ್ರೋಫಿಯನ್ನು ಗ್ರೇಟರ್ ನೋಯ್ಡಾದಲ್ಲಿ ಗುಲಾಬಿ ಚೆಂಡಿನಲ್ಲಿ ಆಡಿಸಿದ್ದು ಒಳ್ಳೆ ಶುರುವಾಗಿತ್ತು, ಅದನ್ನು ಕೈಬಿಟ್ಟದ್ದು ತಪ್ಪು. ನೇರ ಟೆಸ್ಟ್‌ನಲ್ಲೇ ಮೊದಲ ಸಲ ಗುಲಾಬಿ ಚೆಂಡು ಮುಟ್ಟುವುದು ಅಂದರೆ ಪರೀಕ್ಷೆ ಹಾಲ್‌ನಲ್ಲಿ ಪುಸ್ತಕ ತೆರೆದ ಹಾಗೆ.

ಈಗ ನಿಮ್ಮ ಪಂದ್ಯ. ತಿಂಗಳು ಬದಲಾಯಿಸಿ. ಮಾರ್ಚ್ ಒಳ್ಳೇದು, ಆದರೆ ಹುಡುಗರಿಗೆ ಪರೀಕ್ಷೆ ಇರುತ್ತದೆ, ಹಾಗಾಗಿ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್ ಮೊದಲ ವಾರ. ತಡ ಮಾಡಬೇಡಿ. ಮೊದಲ ಮಳೆ ಬಿದ್ದರೆ ಮಳೆಹುಳ ಲೈಟ್‌ಗೆ ಮುತ್ತಿಕೊಂಡು ವಿಕೆಟ್‌ಕೀಪರ್ ಬಾಯಿಗೇ ಹೋಗುತ್ತವೆ. ಕೆಂಪು ಚೆಂಡು ಬೇಡವೇ ಬೇಡ, ಎರಡು ಗುಲಾಬಿ ಚೆಂಡು ತರಿಸಿ. ಮಧ್ಯಾಹ್ನ 1.30ಕ್ಕೆ ಶುರು ಮಾಡಿ, 6.20ರಿಂದ 7ರವರೆಗೆ ಊಟ, ಆಮೇಲೆ 8.30ಕ್ಕೆ ಮುಗಿಸಿ.

ಲೈಟ್ ಬಗ್ಗೆ ಎಚ್ಚರ. ಟೆನಿಸ್ ಬಾಲ್ ಟೂರ್ನಮೆಂಟ್‌ನ ಲೈಟ್ ಆ ಆಟಕ್ಕೆ ಸಾಕು, ಲೆದರ್ ಬಾಲ್‌ಗೆ ಸಾಲದು. ಟಿವಿ ಪಂದ್ಯ ನಡೆಯುವ ಸ್ಟೇಡಿಯಂಗಳಲ್ಲಿ 1,500 ಲಕ್ಸ್‌ಗೂ (ಬೆಳಕು ಅಳೆಯುವ ಮಾನ) ಜಾಸ್ತಿ ಬೆಳಕು ಇರುತ್ತದೆ. ನಮ್ಮ ಕಂಬದ ಲೈಟ್‌ಗಳಲ್ಲಿ ಪಿಚ್ ಮಾತ್ರ ಬೆಳಗುತ್ತದೆ, ಬೌಂಡರಿ ಕತ್ತಲು. ಎತ್ತರದ ಕ್ಯಾಚ್ ಬೆಳಕಿನಿಂದ ಮೇಲೆ ಹೋಗಿ ಮಾಯವಾಗಿ, ಮತ್ತೆ ಮೂಗಿನ ಹತ್ತಿರ ಪ್ರತ್ಯಕ್ಷವಾಗುತ್ತದೆ. ರಾತ್ರಿ ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಬರುವಾಗ ಸೇವಂತಿಗೆ ತೋಟಗಳಲ್ಲಿ ಸಾಲು ಬಲ್ಬು ಉರಿಯುವುದು ನೋಡಿರುತ್ತೀರಿ. ಹಗಲು ಇನ್ನೂ ಮುಗಿದಿಲ್ಲ ಅಂತ ಗಿಡವನ್ನು ನಂಬಿಸಿ, ಮೊಗ್ಗು ತಡ ಮಾಡಿಸುವ ಉಪಾಯ ಅದು. ಗಿಡ ಅಷ್ಟು ಬೆಳಕಿಗೇ ಮೋಸ ಹೋಗುತ್ತದೆ. ಬ್ಯಾಟ್ಸ್‌ಮನ್ ಕಣ್ಣು ಹೋಗುವುದಿಲ್ಲ.

ಪಂದ್ಯಕ್ಕೆ ವಾರ ಮುಂಚೆ ಒಂದು ಪರೀಕ್ಷೆ ಮಾಡಿ. ರಾತ್ರಿ 7.30ಕ್ಕೆ ಒಬ್ಬನನ್ನು ಬೌಲಿಂಗ್ ಕ್ರೀಸ್‌ನಲ್ಲಿ ನಿಲ್ಲಿಸಿ, ಚೆಂಡು ಹಿಡಿದ ಕೈ ಮೇಲೆತ್ತಲು ಹೇಳಿ. ನೀವು ಬ್ಯಾಟಿಂಗ್ ಕ್ರೀಸ್‌ನಲ್ಲಿ ನಿಂತು ಹೊಲಿಗೆ ಅಡ್ಡ ಇದೆಯೋ ಉದ್ದ ಇದೆಯೋ ಹೇಳಿ. ಹತ್ತರಲ್ಲಿ ಎಂಟು ಸಲ ಸರಿ ಹೇಳಿದರೆ ಆಡಿ. ಇಲ್ಲದಿದ್ದರೆ ಹಗಲಿಗೇ ಇಟ್ಟುಕೊಳ್ಳಿ, ಹಾಗೆ ಹೇಳಿದೆ ಅಂತ ಹುಡುಗರು ನನ್ನನ್ನು ಬೈದುಕೊಳ್ಳಲಿ. ಆಮೇಲೆ ಔಟ್‌ಫೀಲ್ಡ್‌ನಲ್ಲಿ ಒಂದು ಒಣ ಟವೆಲ್ ಹಾಸಿ, 8.30ಕ್ಕೆ ಎತ್ತಿ ಹಿಂಡಿ ನೋಡಿ. ನೀರು ತೊಟ್ಟಿಕ್ಕಿದರೆ ಲೈಟ್ ಎಷ್ಟೇ ಚೆನ್ನಾಗಿದ್ದರೂ ಬೇಡ. ಆ ಟವೆಲ್ ಹಾಸುವ ಜಾಗವನ್ನು ಮಾವನವರೇ ತೋರಿಸಲಿ. ತೋಟದ ಪಕ್ಕ ಎಲ್ಲಿ ಮೊದಲು ಒದ್ದೆಯಾಗುತ್ತದೆ ಅಂತ ಅವರಿಗೆ ಗೊತ್ತಿರುತ್ತದೆ.